ಎಡೆಗಿಟ್ಟ ಕಣ್ಣು

"ರೇಷ್ಮೆ ಚಿಟ್ಟೆ ಕಣ್ಣು ತಾನೇ? ಕೊಯ್ದು, ಬಣ್ಣ ಹಾಕಿ, ಗಾಜಿನ ಮೇಲೆ ಕೂರಿಸಿ ಮಂಗಳವಾರ ನಿಮ್ಮೆಲ್ಲರ ಮುಂದೆ ಇಡ್ತೀನಿ. ಇದೇನು ಮಹಾ!"

ರೇಷ್ಮೆ ಸೀಮೆಯ ವಿಜಯಪುರದ ಒಂದು ಪದವಿಪೂರ್ವ ಕಾಲೇಜಿನ ಸಿಬ್ಬಂದಿ ಕೊಠಡಿಯಲ್ಲಿ, ಶುಕ್ರವಾರ ಮಧ್ಯಾಹ್ನ, ಈ ಭೀಷ್ಮಪ್ರತಿಜ್ಞೆ ಮಾಡಿದವರು ಜೀವಶಾಸ್ತ್ರದ ಮುನೀಂದ್ರ ಮೇಷ್ಟ್ರು. ಪ್ರತಿಜ್ಞೆ ಮಾಡುವಾಗ ಭೀಷ್ಮನ ಕೈಯಲ್ಲಿ ಏನಿತ್ತೋ ಗೊತ್ತಿಲ್ಲ, ಮೇಷ್ಟ್ರ ಕೈಯಲ್ಲಿ ಅರ್ಧ ಕಚ್ಚಿದ ಮದ್ದೂರು ವಡೆ ಇತ್ತು.

ಪ್ರತಿಜ್ಞೆಗೆ ಕಾರಣ ಒಂದು ಸುಳ್ಳು. ಇಪ್ಪತ್ತಾರು ವರ್ಷಗಳಿಂದ ಮೇಷ್ಟ್ರು ಕೀಟದ ಸಂಯುಕ್ತಾಕ್ಷಿಯ ಪಾಠ ಮಾಡುತ್ತಿದ್ದರು. ನಾಲ್ಕು ಬಣ್ಣದ ಸೀಮೆಸುಣ್ಣದಲ್ಲಿ ಅವರು ಬರೆಯುತ್ತಿದ್ದ ಕಣ್ಣಿನ ಚಿತ್ರವನ್ನು ಒರೆಸಲು ಮುಂದಿನ ತರಗತಿಯ ಗಣಿತದ ಮೇಷ್ಟ್ರಿಗೂ ಮನಸ್ಸು ಬರುತ್ತಿರಲಿಲ್ಲ. ಹಲ್ಲುಜ್ಜುವ ಬ್ರಷ್ಷಿನ ಎಳೆಗಳಂತೆ ಒತ್ತೊತ್ತಾಗಿ ನಿಂತ ಸಾವಿರಾರು ಪುಟ್ಟ ಕಣ್ಣುಗಳು, ತುದಿಗೊಂದೊಂದು ಮಸೂರ! ಎಲ್ಲ ಸರಿ, ಒಂದೇ ಒಂದು ಕೊರತೆ. ಅಂಥ ಕಣ್ಣನ್ನು ಸೂಕ್ಷ್ಮದರ್ಶಕದಲ್ಲಿ ಮೇಷ್ಟ್ರು ಒಮ್ಮೆಯೂ ನೋಡಿರಲಿಲ್ಲ. ಕಾಲೇಜಿನಲ್ಲಿದ್ದ ಒಂದೇ ಸ್ಲೈಡು ಇವರು ಕೆಲಸಕ್ಕೆ ಸೇರುವ ಮೊದಲೇ ಒಡೆದು, ಅದರ ಚೀಟಿ ಮಾತ್ರ ಪೆಟ್ಟಿಗೆಯಲ್ಲಿ ವಿಧವೆಯಂತೆ ಉಳಿದಿತ್ತು. ಇಪ್ಪತ್ತಾರು ವರ್ಷ ಯಾರೂ ಕೇಳಲಿಲ್ಲ, ಇವರೂ ಹೇಳಲಿಲ್ಲ.

ಕೇಳಿದ್ದು ಸಂಘಮಿತ್ರ. ಜೂನ್‌ನಲ್ಲಿ ಹೊಸದಾಗಿ ಬಂದ ಉಪನ್ಯಾಸಕಿ. ಜೀವಶಾಸ್ತ್ರದಲ್ಲಿ ಮೇಷ್ಟ್ರು ಪ್ರಾಣಿಗಳ ಪಕ್ಷವಾದರೆ ಆಕೆ ಸಸ್ಯಗಳ ಪಕ್ಷ. ಎಂ.ಎಸ್ಸಿ.ಯಲ್ಲಿ ಎಣ್ಣೆಕಾಳುಗಳ ಸಿಪ್ಪೆಯ ಮೇಲೆ ಅಧ್ಯಯನ ಮಾಡಿದ್ದಳು. ಅದನ್ನು ಕೇಳಿದ ದಿನವೇ ಮೇಷ್ಟ್ರು, "ಎಲ್ಲಾರೂ ಕಾಳು ತಿಂದು ಸಿಪ್ಪೆ ಎಸೀತಾರೆ, ನಮ್ಮ ಮೇಡಂ ಸಿಪ್ಪೆ ಹಿಡ್ಕೊಂಡೇ ಡಿಗ್ರಿ ತಗೊಂಡಿದ್ದಾರೆ!" ಎಂದು ಇಡೀ ಕೊಠಡಿಯನ್ನು ನಗಿಸಿದ್ದರು. ಆಕೆಯೂ ನಕ್ಕಿದ್ದಳು. ನಕ್ಕವರೆಲ್ಲ ಮರೆಯುವುದಿಲ್ಲ ಎಂಬುದು ಮೇಷ್ಟ್ರಿಗೆ ಹೊಳೆದಿರಲಿಲ್ಲ.

"ಸಾರ್, ನೀವು ನಿಜವಾಗ್ಲೂ ನೋಡಿದ್ದೀರಾ, ಆ ಕಣ್ಣನ್ನ?" ಎಂದು ಅವಳು ಕೇಳಿದಳು.

ನೋಡಿಲ್ಲ ಎಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

"ನೋಡೋದೇನು ಮೇಡಂ, ಓದೋ ಕಾಲದಲ್ಲಿ ಡಜನ್‌ಗಟ್ಟಲೆ ಮಾಡಿ ಬಿಸಾಕಿದ್ದೀನಿ!"

ಪ್ರಾಂಶುಪಾಲ ಅನಿಲ್‌ಕುಮಾರ್ ಚಹಾ ಲೋಟ ಕೆಳಗಿಟ್ಟರು. "ಹಂಗಾದ್ರೆ ಒಂದು ಮಾಡಿ ಮಂಗಳವಾರ ಮಕ್ಕಳಿಗೆ ತೋರಿಸಿಬಿಡಿ ಮೇಷ್ಟ್ರೇ. ನಾನೂ ಬರ್ತೀನಿ."

ಅಲ್ಲಿಗೆ ಹಗ್ಗ ಕುತ್ತಿಗೆಗೆ ಬಿತ್ತು.

ಮೇಷ್ಟ್ರ ಧೈರ್ಯಕ್ಕೆ ಒಂದು ಆಧಾರವಿತ್ತು: ಹೆಂಡತಿ ಅನುಸೂಯಮ್ಮ. ಆಕೆಗೆ ರೇಷ್ಮೆ ಬಿತ್ತನೆ ಕೋಠಿಯಲ್ಲಿ ಇಪ್ಪತ್ತೆರಡು ವರ್ಷದ ಸೇವೆ. ಮೊಟ್ಟೆಯಿಟ್ಟ ತಾಯಿ ಚಿಟ್ಟೆಗಳ ಹೊಟ್ಟೆಯನ್ನು ಅರೆದು, ಒಂದು ಹನಿ ಗಾಜಿಗೆ ಹಾಕಿ, ಗಂಟುರೋಗ ಇದೆಯೋ ಇಲ್ಲವೋ ಎಂದು ಸೂಕ್ಷ್ಮದರ್ಶಕದಲ್ಲಿ ನೋಡುವುದು ಕೆಲಸ. ಮೇಷ್ಟ್ರು ಒಂದು ವರ್ಷದಲ್ಲಿ ನೋಡುವಷ್ಟನ್ನು ಆಕೆ ಊಟದ ಗಂಟೆಯೊಳಗೆ ನೋಡಿ ಮುಗಿಸುತ್ತಿದ್ದರು.

"ಡಜನ್‌ಗಟ್ಟಲೆ ಮಾಡಿದ್ರಾ? ಯಾವತ್ತು ರೀ?"

"ಬಾಯಿಗೆ ಬಂತು ಕಣೇ, ಹೇಳ್ಬಿಟ್ಟೆ."

"ಬಾಯಿಗೆ ಬರೋದೆಲ್ಲ ಕಣ್ಣಿಗೆ ಬರುತ್ತಾ?"

ಬೈದರೂ ಶನಿವಾರ ಸಂಜೆ ಊಟದ ಡಬ್ಬಿಯ ಮೇಲಿನ ಅಂತಸ್ತಿನಲ್ಲಿ ಹತ್ತಿ ಹಾಸಿ ತಂದುಕೊಟ್ಟರು. "ಹೊಟ್ಟೆ ಕೋಠಿಗೆ, ತಲೆ ನಿಮಗೆ. ಆರು ತಲೆ, ಹನ್ನೆರಡು ಕಣ್ಣು. ಇವತ್ತಿಗೆ ಲಾಟು ಮುಗೀತು, ಮುಂದಿನದು ಬರೋಕೆ ಹತ್ತು ದಿನ. ಕಳ್ಕೊಂಡ್ರೆ ನನ್ನ ಕೇಳ್ಬೇಡಿ. ಮೊದಲು ಆ ಕನ್ನಡಕದ ನಂಬರು ಬದಲಾಯಿಸ್ಕೊಳ್ಳಿ. ಒಂದು ವರ್ಷದಿಂದ ಬಡ್ಕೋತಿದ್ದೀನಿ."

"ಕಣ್ಣಿನ ವಿಷಯ ನನಗೇ ಹೇಳ್ಕೊಡ್ತೀಯಾ!" ಎಂದು ಮೇಷ್ಟ್ರು ಗುಡುಗಿದರು, ಉಪ್ಪಿನ ಡಬ್ಬಿಯನ್ನು ಸಕ್ಕರೆಯೆಂದು ಎತ್ತಿಕೊಳ್ಳುತ್ತ.

ಸ್ಲೈಡು ಮಾಡುವ ಪುಸ್ತಕದಲ್ಲಿ ಮೊದಲು ಫಾರ್ಮಲಿನ್ ಎಂದಿತ್ತು. "ಹೆಣ ಕೆಡದ ಹಾಗೆ ಇಡೋ ನೀರು ತಾನೇ? ನನ್ನ ಅಡುಗೆಮನೆ ಹೊಸ್ತಿಲು ದಾಟಂಗಿಲ್ಲ!" ಎಂದು ಆಕೆ ಗೆರೆ ಎಳೆದದ್ದರಿಂದ ಮೇಷ್ಟ್ರು ಕಾಲೇಜಿನಿಂದ ತಂದ ಸ್ಪಿರಿಟ್ಟಿನಲ್ಲೇ ಕಣ್ಣುಗಳನ್ನು ನೆನೆಹಾಕಿದರು.

ಈ ವಿದ್ಯೆಯ ಮರ್ಮ ಇಷ್ಟೇ. ಚಿಟ್ಟೆಯ ಕಣ್ಣಿನೊಳಗೆ ಲೋಳೆ. ಹಾಗೇ ಬ್ಲೇಡು ಇಟ್ಟರೆ ಕಲಸಿಹೋಗುತ್ತದೆ. ಅದಕ್ಕೇ ಒಳಗಿನ ನೀರನ್ನೆಲ್ಲ ತೆಗೆದು ಆ ಜಾಗಕ್ಕೆ ಮೇಣ ತುಂಬಬೇಕು. ಆದರೆ ನೀರು ಒಮ್ಮೆಗೇ ಬಿಟ್ಟುಕೊಡುವುದಿಲ್ಲ, ಪುಸಲಾಯಿಸಬೇಕು. ಮೊದಲು ತೆಳು ಸ್ಪಿರಿಟ್ಟು, ಆಮೇಲೆ ಸ್ವಲ್ಪ ಗಟ್ಟಿ, ಇನ್ನೂ ಗಟ್ಟಿ, ಹೀಗೆ ಐದು ಮೆಟ್ಟಿಲು. ಐದನೆಯದು ನೀರಿನ ಸೋಂಕಿಲ್ಲದ ಅಪ್ಪಟ ಸ್ಪಿರಿಟ್ಟು. ಅದರಲ್ಲಿ ಅರ್ಧ ಗಂಟೆ, ಹೆಚ್ಚೆಂದರೆ ಮುಕ್ಕಾಲು ಗಂಟೆ. ಮೀರಿದರೆ ಕಣ್ಣು ಕರಿದ ಸಂಡಿಗೆಯಾಗಿ ಬ್ಲೇಡು ತಾಗಿದೊಡನೆ ಪುಡಿಪುಡಿ!

ಭಾನುವಾರ ಬೆಳಗ್ಗೆ ಮೇಷ್ಟ್ರು ಪಾಯಸದ ಐದು ಸ್ಟೀಲು ಬಟ್ಟಲುಗಳನ್ನು ನಡುಮನೆಯ ಗೂಡಿನಲ್ಲಿ ಸಾಲಾಗಿಟ್ಟು ಯಜ್ಞ ಆರಂಭಿಸಿದರು. ಹನ್ನೊಂದೂ ನಲವತ್ತಕ್ಕೆ ಹನ್ನೆರಡು ಕಣ್ಣುಗಳೂ ಐದನೆಯ ಬಟ್ಟಲಿಗೆ ಇಳಿದವು. ಸ್ಪಿರಿಟ್ಟಿನ ತಳದಲ್ಲಿ ಕರ್ರಗೆ, ಕಾಳಿನಂತೆ ಹೊಳೆಯುತ್ತ ಮಲಗಿದವು.

"ಮುನೀಂದ್ರ! ಸ್ನಾನ ಮಾಡ್ಕೊಂಡ್ ಬಾರೋ! ಎಡೆ ಇಡ್ಬೇಕು!" ಎಂದು ತಾಯಿ ಮುನಿತಾಯಮ್ಮ ಕೂಗಿದರು.

ಅಯ್ಯೋ! ಇವತ್ತು ಹಿರಿಯರ ಹಬ್ಬ! ಮನೆಯೆಲ್ಲ ಮಟನ್ ಸಾರು ಕುದಿಯುವ ಘಮ, ಬೂದಿಗೆರೆಯಿಂದ ಸೋದರಮಾವ ಸೊಣ್ಣಪ್ಪ ಬೇರೆ ಬಂದು ಕೂತಿದ್ದಾನೆ, ಮೇಷ್ಟ್ರಿಗೆ ಮಾತ್ರ ಕಣ್ಣಿನ ಧ್ಯಾನದಲ್ಲಿ ಕಣ್ಣೇ ಕಂಡಿರಲಿಲ್ಲ. ಹತ್ತು ನಿಮಿಷದ ಸ್ನಾನ ತಾನೇ ಎಂದು ಓಡಿದರು. ತಲೆ ಒರೆಸಿಕೊಳ್ಳುತ್ತ ಬಂದು ನೋಡಿದರೆ ಗೂಡು ಖಾಲಿ!

"ಅಮ್ಮಾ! ಇಲ್ಲಿದ್ದ ಬಟ್ಟಲು?"

ಮುನಿತಾಯಮ್ಮನ ಕಣ್ಣಲ್ಲಿ ನೀರಾಡುತ್ತಿತ್ತು. ಅದಕ್ಕೊಂದು ಹಿನ್ನೆಲೆ ಇದೆ. ಮೇಷ್ಟ್ರ ತಂದೆ ಅಪ್ಪಯ್ಯಣ್ಣ ತೀರಿಕೊಂಡು ಹನ್ನೊಂದು ವರ್ಷ. ಬದುಕಿದ್ದಾಗ ಅವರಿಗೆ ಎರಡು ಪ್ರೀತಿ: ಸಂಜೆಯ ಗುಟುಕು ಮತ್ತು ಕರಿ ಎಳ್ಳಿನ ಚಿಗಳಿ ಉಂಡೆ. ಹೋದವರಿಗೆ ಇಷ್ಟವಾದದ್ದನ್ನೆಲ್ಲ ಎಡೆಗಿಡಬೇಕು ಎಂಬುದು ಮನೆಯ ಪದ್ಧತಿ. ಚಿಗಳಿ ಪ್ರತಿವರ್ಷ ಇಡುತ್ತಿದ್ದರು. ಗುಟುಕು ಮಾತ್ರ, "ನಾನು ಮೇಷ್ಟ್ರು, ನಮ್ಮನೇಲಿ ಅದೆಲ್ಲ ಬೇಡ" ಎಂಬ ಮಗನ ತತ್ವದಿಂದಾಗಿ ಹನ್ನೊಂದು ವರ್ಷವೂ ತಪ್ಪಿತ್ತು.

"ಮರ್ತಿಲ್ಲ ಕಣಪ್ಪ ನೀನು ನಿಮ್ಮಪ್ಪನ್ನ!" ತಾಯಿ ಸೆರಗಿನಿಂದ ಮೂಗೊರೆಸಿಕೊಂಡರು. "ಕೇಳ್ದೇನೇ ಇಟ್ಟಿದ್ದೀಯಲ್ಲೋ! ಒಂದಲ್ಲ, ಐದು ಬಟ್ಲು! ವಾಸನೆಗೇ ಗೊತ್ತಾಯ್ತು ನಂಗೆ. ಒಂದಕ್ಕೆ ಎಳ್ಳು ಬೇರೆ ಹಾಕಿದ್ದೀಯ. ಎಡೆ ಮುಂದೆ ಅಂಥದ್ದೇ ನನ್ ಎಳ್ಳುನೀರು ಬಟ್ಲಿತ್ತಲ್ಲ, ಅದರ ಪಕ್ಕದಲ್ಲೇ ಜೋಡ್ಸಿ ಬಂದೆ. ನಿಮ್ಮಪ್ಪನ ಜೀವ ಎಷ್ಟು ತಣ್ಣಗಾಯ್ತೋ!"

ಮೇಷ್ಟ್ರು ಬಾಯಿ ತೆರೆದರು. ತಾಯಿಯ ಮುಖ ನೋಡಿದರು. ಬಾಯಿ ಮುಚ್ಚಿ, ಮತ್ತೆ ತೆರೆದಾಗ ಬಂದದ್ದು ಇಷ್ಟೇ: "ಹೂಂ, ಅಮ್ಮ."

ಎರಡನೆಯ ಸುಳ್ಳು!

ಅಷ್ಟರಲ್ಲಿ, ಹೊತ್ತು ಮೀರುತ್ತದೆಂದು ಮೇಷ್ಟ್ರಿಗೆ ಕಾಯದೆ, ಧೂಪ ಹಾಕಿ, ಕೈಮುಗಿದು, ಎಲ್ಲರೂ ಹೊರಬಂದು ಎಡೆಯ ಕೋಣೆಯ ಬಾಗಿಲು ಹಾಕಿದ್ದಾಯಿತು. ಹಿರಿಯರು ಬಂದು ಉಣ್ಣುವ ಹೊತ್ತಿನಲ್ಲಿ ಬದುಕಿದ್ದವರು ಒಳಗೆ ಹೋಗುವಂತಿಲ್ಲ; ಇದಕ್ಕೆ ಅಪೀಲಿಲ್ಲ.

"ಎಷ್ಟು ಹೊತ್ತಮ್ಮಾ?" ಮೇಷ್ಟ್ರು ಗಡಿಯಾರ ನೋಡಿದರು.

"ಪ್ರತಿವರ್ಷ ಕಾಲು ಗಂಟೆ. ಆದ್ರೆ ನಿಮ್ಮಪ್ಪ ಗುಟುಕು ಇದ್ರೆ ನಿಧಾನಕ್ಕೆ ಉಣ್ಣೋನು. ಅದರಲ್ಲೂ ಐದು ಬಟ್ಲು! ಒಂದೂವರೆ ಗಂಟೆಯಾದ್ರೂ ಬೇಡ್ವಾ?"

ಒಂದೂವರೆ ಗಂಟೆ! ಒಳಗೆ ಹನ್ನೆರಡು ಕಣ್ಣುಗಳು ನಿಮಿಷ ನಿಮಿಷಕ್ಕೂ ಸಂಡಿಗೆಯಾಗುತ್ತಿವೆ! ಮೇಷ್ಟ್ರು ಜಗಲಿಯಲ್ಲಿ ಶತಪಥ ತುಳಿದರು. ಕಣ್ಣಿಲ್ಲದ ಮಂಗಳವಾರ ಅವರ ಕಣ್ಣಿಗೆ ಕಟ್ಟಿತು: ಪ್ರಾಂಶುಪಾಲರ ಕೆಮ್ಮು, ಮಕ್ಕಳ ಪಿಸುಮಾತು, ಸಂಘಮಿತ್ರಳ ಆ ಶಾಂತವಾದ ನಗು. ಇಪ್ಪತ್ತಾರು ವರ್ಷದ ಸೀಮೆಸುಣ್ಣ ಒಂದೇ ದಿನದಲ್ಲಿ ಧೂಳು!

ಹನ್ನೆರಡೂವರೆಗೆ ತಡೆಯಲಾಗಲಿಲ್ಲ. ಹಿತ್ತಲಿಗೆ ಹೋಗಿ, ನುಗ್ಗೆಕಾಯಿ ಕೀಳುವ ದೋಟಿ ತಂದು, ಕಿಟಕಿಯ ಸರಳಿನ ನಡುವೆ ತೂರಿಸಿದರು. ಒಳಗೆ ಸಾಂಬ್ರಾಣಿ ಹೊಗೆ ಮೋಡ ಕಟ್ಟಿತ್ತು. ದೋಟಿಯ ಕೊಕ್ಕೆಯಿಂದ ಒಂದು ಬಟ್ಟಲನ್ನು ಮೆಲ್ಲಗೆ ಈಚೆಗೆ ಎಳೆದರು. ಅದು ಬರಲಿಲ್ಲ, ಪಕ್ಕದ್ದು ಬಂತು. ಅದನ್ನು ಹಿಂದಕ್ಕೆ ತಳ್ಳಿದರು, ಇನ್ನೆರಡು ಬಟ್ಟಲು ಗಿರ್ರನೆ ಸುತ್ತು ಹೊಡೆದು ಜಾಗ ಬದಲಾಯಿಸಿದವು.

"ಏನಳಿಯಾ!" ಹಿಂದಿನಿಂದ ಸೊಣ್ಣಪ್ಪ ಮಾವನ ದನಿ. "ಸತ್ತ ಭಾವನ ಕೈಯಿಂದ ಗುಟುಕು ಕಿತ್ಕೊಳ್ಳೋಕೆ ದೋಟಿ ಹಾಕಿದ್ದೀಯಾ? ಬಾಯ್ಬಿಟ್ಟು ಹೇಳಿದ್ರೆ ನಾನೇ ತಂದು ಕೊಡ್ತಿರ್ಲಿಲ್ವಾ? ಅಕ್ಕಾ, ಬಾರಮ್ಮಾ ಇಲ್ಲಿ! ನಿನ್ ಮಗ ಎಂಥ ಒಳಗಳ್ಳ ನೋಡು!"

ಮುನಿತಾಯಮ್ಮ ಬಂದರು. ಅರ್ಧ ಗಂಟೆಯ ಹಿಂದೆ ಪಿತೃಭಕ್ತ ಶ್ರವಣಕುಮಾರನಾಗಿದ್ದ ಮಗ ಈಗ ದೋಟಿ ಹಿಡಿದ ಕುಡುಕ! "ಹಿರೀಕರ ಎಡೆಗೆ ದೋಟಿ ಹಾಕ್ತೀಯೇನೋ! ಈ ವಯಸ್ಸಲ್ಲಿ ಶುರು ಮಾಡ್ಕೊಂಡ್ಯಾ?"

ಅನುಸೂಯಮ್ಮ ಅಡುಗೆಮನೆಯ ಕಿಟಕಿಯಲ್ಲಿ ಸೆರಗನ್ನು ಬಾಯಿಗೆ ತುರುಕಿಕೊಂಡು ನಗುತ್ತಿದ್ದರು. ನಿಜ ಗೊತ್ತಿದ್ದ ಒಂದೇ ಜೀವ ಅದು. "ಅತ್ತೆ, ಬಿಟ್ಬಿಡಿ, ಅವರಿಗೆ ಅಪ್ಪನ ಜೊತೆ ಕೂತು ಕುಡೀಬೇಕು ಅಂತ ಆಸೆ ಆಗಿರ್ಬೇಕು" ಎಂದು ಉರಿಗೆ ತುಪ್ಪ ಸುರಿದರು.

ಒಂದೂ ಹತ್ತಕ್ಕೆ ಮುನಿತಾಯಮ್ಮ ಗಂಟಲು ಸರಿಪಡಿಸಿಕೊಂಡು, ಒಳಗಿನವರಿಗೆ ಸೂಚನೆ ಕೊಟ್ಟು, ಬಾಗಿಲು ತೆರೆದರು. ಮೇಷ್ಟ್ರು ಬಾಣದಂತೆ ನುಗ್ಗಿದರು. ಹೊಗೆಗೆ ಕಣ್ಣು ಉರಿ, ಮೂಗು ಕಟ್ಟಿ ಸೀನಿನ ಮೇಲೆ ಸೀನು. ಮಂಜಾದ ಕನ್ನಡಕದಲ್ಲಿ ಬಟ್ಟಲುಗಳನ್ನು ಒಂದೊಂದಾಗಿ ಬಗ್ಗಿ ನೋಡಿ, ತಳದಲ್ಲಿ ಕರ್ರಗೆ ಕಂಡದ್ದನ್ನು ಎದೆಗವಚಿಕೊಂಡು ಹೊರಗೆ ಓಡಿದರು. ಉಳಿದವುಗಳಿಗೆ ಸೊಣ್ಣಪ್ಪ ಮಾವ ಕೈ ಚಾಚಿದ್ದ. "ಮಾವ, ಅದು ಔಷಧಿ ಸ್ಪಿರಿಟ್ಟು, ಕುಡಿದ್ರೆ ಮುಂದಿನ ವರ್ಷ ನಿಮಗೂ ಎಡೆ ಇಡ್ಬೇಕಾಗುತ್ತೆ!" ಎಂದು ಅನುಸೂಯಮ್ಮ ಅವನ ಕಿವಿಯಲ್ಲಿ ಹೇಳಿ ಬಟ್ಟಲುಗಳನ್ನು ಬಚ್ಚಲಿಗೆ ಸುರಿದರು. ಅಷ್ಟರೊಳಗೆ ಮುನಿತಾಯಮ್ಮ, ಎಳ್ಳಿದ್ದ ಬಟ್ಟಲೊಂದನ್ನು ಜೋಪಾನವಾಗಿ ಎತ್ತಿ ಗಂಡನ ಫೋಟೋದ ಹಿಂದೆ ಇಟ್ಟಿದ್ದರು.

ಇತ್ತ ಮೇಷ್ಟ್ರು ಮಹಡಿಯ ಮೇಲೆ ಕಣ್ಣುಗಳನ್ನು ಝೈಲೀನ್ ಎಂಬ ದ್ರಾವಣಕ್ಕೆ ಇಳಿಸಿದರು. ಸ್ಪಿರಿಟ್ಟನ್ನು ಓಡಿಸಿ ಮೇಣಕ್ಕೆ ದಾರಿ ಮಾಡುವುದು ಅದರ ಕೆಲಸ. ದ್ರಾವಣ ತಿಳಿಯಾಗಿಯೇ ಇರಬೇಕು. ಇಲ್ಲಿ ಅದು ಒಮ್ಮೆಗೇ ಹಾಲಿನಂತೆ ಬೆಳ್ಳಗಾಯಿತು! ಒಳಗೆ ನೀರಿದ್ದರೆ ಮಾತ್ರ ಹೀಗಾಗುತ್ತದೆ ಎಂದು ಪುಸ್ತಕ ಸ್ಪಷ್ಟವಾಗಿ ಹೇಳಿತ್ತು. ಒಂದೂವರೆ ಗಂಟೆ ಅಪ್ಪಟ ಸ್ಪಿರಿಟ್ಟಿನಲ್ಲಿದ್ದ ಕಣ್ಣಿಗೆ ನೀರೆಲ್ಲಿಂದ ಬಂತು? ಬುದ್ಧಿವಂತನಾದವನು ಅಲ್ಲೇ ನಿಂತು ಯೋಚಿಸುತ್ತಿದ್ದ. ಮೇಷ್ಟ್ರು ಇಪ್ಪತ್ತಾರು ವರ್ಷದ ಅನುಭವಿ. "ಹವೆಯಲ್ಲಿ ತೇವ ಜಾಸ್ತಿ" ಎಂದು ತೀರ್ಪು ಕೊಟ್ಟು, ಮತ್ತೆ ಸ್ಪಿರಿಟ್ಟು, ಮತ್ತೆ ಝೈಲೀನು ಮಾಡಿದರು. ಕಣ್ಣುಗಳು ತುಸು ಉದ್ದುದ್ದ ಕಂಡವು. "ಪಾಪ, ಸ್ಪಿರಿಟ್ಟಲ್ಲಿ ಸೆಟೆದುಕೊಂಡಿವೆ" ಎಂದು ಮರುಗಿದರು. ಇಡ್ಲಿ ಪಾತ್ರೆಯ ಹಬೆಯಲ್ಲಿ ಮೇಣ ಕರಗಿಸಿ ಅವುಗಳನ್ನು ಮುಳುಗಿಸಿದರು. ಆ ಸಂಜೆಯ ಇಡ್ಲಿಗೆ ಮೇಣದಬತ್ತಿಯ ರುಚಿ ಬಂದದ್ದರ ಬಗ್ಗೆ ಅನುಸೂಯಮ್ಮ ಆಡಿದ ಮಾತುಗಳನ್ನು ಇಲ್ಲಿ ಬರೆಯುವುದು ಬೇಡ.

ಸೋಮವಾರ ರಜೆ ಹಾಕಿ ಬ್ಲೇಡು ಹಿಡಿದು ಕೂತರು. ಪುಡಿಯಾಗುತ್ತದೆ ಎಂದು ಹೆದರಿದ್ದ ಕಣ್ಣು, ಆಹಾ, ಸೌತೆಕಾಯಿಯಂತೆ ಹೆಚ್ಚಿಕೊಂಡಿತು! ಹೋಳನ್ನು ಗಾಜಿಗೆ ಅಂಟಿಸಲು ಮೊಟ್ಟೆಯ ಬಿಳಿ ಬೇಕು. ಸೋಮವಾರ ಮನೆಯಲ್ಲಿ ಮೊಟ್ಟೆ ಒಡೆಯುವಂತಿಲ್ಲ! ಒಂದು ಮೊಟ್ಟೆಯನ್ನು ಕರ್ಚೀಫಿನಲ್ಲಿ ಸುತ್ತಿ, ನೀರಿನ ಟ್ಯಾಂಕಿನ ಹಿಂದೆ ಕೂತು ಕಳ್ಳಭಟ್ಟಿ ಕಾಯಿಸುವವನಂತೆ ಕೆಲಸ ಮುಗಿಸಿದರು. ಕೆಂಪು ಬಣ್ಣ ಹಾಕಿ ತೊಳೆದದ್ದೂ ಆಯಿತು.

ಕೆಳಗಿಳಿದಾಗ ಮುನಿತಾಯಮ್ಮ ಒರಳಲ್ಲಿ ಹುರಿದ ಕರಿ ಎಳ್ಳು, ಬೆಲ್ಲ ಕುಟ್ಟುತ್ತಿದ್ದರು. "ನಿನ್ನೆ ಇಟ್ಟ ಚಿಗಳಿಯೆಲ್ಲ ನಿಮ್ ಮಾವ ತಿಂದ್ಕೊಂಡ್ ಹೋದ ಕಣಪ್ಪ. ಎಡೆಗಿಟ್ಟ ಎಳ್ಳನ್ನ ಚೆಲ್ಲಬಾರ್ದು ಅಂತ ಅದನ್ನೂ ಒಣಗ್ಸಿ, ಹುರ್ದು, ಇದಕ್ಕೇ ಸೇರ್ಸಿದೀನಿ. ನಾಳೆ ನಿಮ್ಮ ಕಾಲೇಜಿನೋರಿಗೂ ತಗೊಂಡ್ ಹೋಗು."

"ಆಗ್ಲಮ್ಮ" ಎಂದರು ಮೇಷ್ಟ್ರು. ಗೆದ್ದ ಸೇನಾಪತಿಗೆ ಎಳ್ಳಿನ ಲೆಕ್ಕವೆಲ್ಲಿ!

ಮಂಗಳವಾರ! ಪ್ರಯೋಗಾಲಯ ಕಿಕ್ಕಿರಿದಿತ್ತು. ಸಂಘಮಿತ್ರ ತನ್ನ ಫೋನನ್ನು ಸೂಕ್ಷ್ಮದರ್ಶಕದ ಕಣ್ಣಿಗೆ ಸಿಕ್ಕಿಸಿ ಗೋಡೆಯ ದೊಡ್ಡ ಪರದೆಗೆ ಜೋಡಿಸಿದಳು. ಮೇಷ್ಟ್ರು ತಿರುಪು ತಿರುಗಿಸಿದರು. ಮಂಜು, ಮಂಜು, ಇನ್ನೂ ಮಂಜು, ಆಮೇಲೆ... ಓಹೋ! ಪರದೆಯ ತುಂಬ ಕಂಬಗಳ ಸಾಲು! ಒಂದಕ್ಕೊಂದು ಒತ್ತಿಕೊಂಡು ಸೈನಿಕರಂತೆ ನೆಟ್ಟಗೆ ನಿಂತ ಕಂಬಗಳು, ತುದಿಯಲ್ಲಿ ಮಿನುಗುವ ಹರಳುಗಳು! ಮಕ್ಕಳು "ವಾವ್" ಎಂದರು.

"ನೋಡ್ರಪ್ಪಾ!" ಮೇಷ್ಟ್ರು ಪರದೆಗೆ ಕೋಲು ತಾಗಿಸಿದರು. "ಈ ಒಂದೊಂದು ಕಂಬವೂ ಒಂದೊಂದು ಕಣ್ಣು! ಆ ಹೊಳೀತಿರೋ ಹರಳೇ ಮಸೂರ! ಇದರ ಮೂಲಕವೇ ಚಿಟ್ಟೆ ಈ ಜಗತ್ತನ್ನ ನೋಡುತ್ತೆ!"

ಅನಿಲ್‌ಕುಮಾರ್ ಮೊದಲು ಚಪ್ಪಾಳೆ ತಟ್ಟಿದರು. ಮೇಷ್ಟ್ರು ಮದುವೆಮನೆಯ ಹೆಣ್ಣಿನ ತಂದೆಯಂತೆ ಎಲ್ಲ ಉಪನ್ಯಾಸಕರಿಗೂ ಚಿಗಳಿ ಹಂಚಿದರು. ಸಂಘಮಿತ್ರ ಒಂದು ತಿಂದು ಕಣ್ಣರಳಿಸಿದಳು. "ಏನ್ ರುಚಿ ಸಾರ್! ಅಲ್ಲಲ್ಲಿ ಕರುಂ ಕುರುಂ ಅನ್ನುತ್ತೆ." ಎರಡನೆಯದು ತೆಗೆದುಕೊಂಡಳು. ಆಮೇಲೆ ಮೂರನೆಯದು.

ಎಲ್ಲರೂ ಹೋದ ಮೇಲೆ ಅವಳು ಪರದೆಯನ್ನೇ ನೋಡುತ್ತ ನಿಂತಳು.

"ಸಾರ್, ಬೇಜಾರ್ ಮಾಡ್ಕೋಬೇಡಿ. ಮಕ್ಕಳ ಮುಂದೆ ಹೇಳೋದು ಬೇಡ ಅಂತ ಸುಮ್ನಿದ್ದೆ. ಇದು ಕಣ್ಣಲ್ಲ."

"ಮತ್ತೆ?"

"ಕರಿ ಎಳ್ಳಿನ ಸಿಪ್ಪೆ. ಅದರ ಹೊರಪದರದ ಕೋಶಗಳು ಹೀಗೇ ಕಂಬದ ಹಾಗೆ ನಿಂತಿರ್ತವೆ, ತುದೀಲಿ ಹರಳು ಇರುತ್ತೆ. ಎರಡು ವರ್ಷ ಇದನ್ನೇ ನೋಡಿದ್ದೀನಿ ಸಾರ್, ರಾತ್ರಿ ಕನಸಲ್ಲೂ." ಪರದೆಯ ಕಡೆ ಕೈ ತೋರಿಸಿ, "ಸಿಪ್ಪೆ ಹಿಡ್ಕೊಂಡೇ ತಾನೇ ನಾನು ಡಿಗ್ರಿ ತಗೊಂಡಿದ್ದು" ಎಂದಳು.

ಮೇಷ್ಟ್ರು ಸ್ಟೂಲು ಎಳೆದುಕೊಂಡು ಕೂತರು. ಹಾಲಿನಂತಾದ ಝೈಲೀನು, ಉದ್ದುದ್ದ ಕಣ್ಣು, ಸುತ್ತು ಹೊಡೆದ ಬಟ್ಟಲುಗಳು, ಎಲ್ಲ ಒಂದೊಂದಾಗಿ ಬಂದು ಎದುರು ನಿಂತು ನಕ್ಕವು. ತಾಯಿಯ ಎಳ್ಳುನೀರಿನ ಬಟ್ಟಲು!

"ಯಾರಿಗೂ ಹೇಳಲ್ಲ ಬಿಡಿ ಸಾರ್" ಎಂದಳು ಸಂಘಮಿತ್ರ. ಆ ಮಾತಿನಲ್ಲಿ ಕುಹಕವಿರಲಿಲ್ಲ; ಇದ್ದಿದ್ದರೆ ಮೇಷ್ಟ್ರಿಗೆ ಎಷ್ಟೋ ವಾಸಿಯಿತ್ತು. "ಆದ್ರೆ ಒಂದು ಅನುಮಾನ. ಎಳ್ಳು ಇಲ್ಲಿಗೆ ಬಂದಿದೆ ಅಂದ್ರೆ, ಚಿಟ್ಟೆ ಕಣ್ಣು ಎಲ್ಲಿಗೆ ಹೋಯ್ತು?"

ಕೇಳಿ, ಬೆರಳಿಗಂಟಿದ ಬೆಲ್ಲ ತೊಳೆದುಕೊಳ್ಳಲು ಹೊರಗೆ ಹೋದಳು.

ಎಡೆಗಿಟ್ಟ ಎಳ್ಳನ್ನ ಚೆಲ್ಲಬಾರ್ದು ಅಂತ...

ಮೇಷ್ಟ್ರು ಚಿಗಳಿ ಡಬ್ಬಿಯ ಮುಚ್ಚಳ ತೆರೆದರು. ಡಬ್ಬಿಯಲ್ಲಿ ಒಂದೇ ಒಂದು ಚಿಗಳಿ ಉಳಿದಿತ್ತು. ಅದನ್ನು ಮುರಿದು ಭೂತಗನ್ನಡಿಯ ಕೆಳಗಿಟ್ಟು ಬಗ್ಗಿದರು. ಬೆಲ್ಲ, ಎಳ್ಳು, ಎಳ್ಳು, ಬೆಲ್ಲ. ನಡುವೆ ಒಂದು ದುಂಡನೆಯ ಕಪ್ಪು ಮಣಿ. ಅದರ ಮೈತುಂಬ ಜೇನುಗೂಡಿನ ಕೋಣೆಗಳಂತೆ ಪುಟ್ಟಪುಟ್ಟ ಆರು ಮೂಲೆಯ ಮನೆಗಳು, ಸಾವಿರಾರು, ಒಂದೊಂದರಲ್ಲೂ ಕಿಟಕಿಯ ಬೆಳಕಿನ ಒಂದೊಂದು ಚುಕ್ಕಿ. ಒಲೆಯಲ್ಲಿ ಹುರಿದರೂ, ಒರಳಲ್ಲಿ ಕುಟ್ಟಿದರೂ ಜಗ್ಗದ ಕಣ್ಣು! ಎಂಥ ಚೆಲುವು! ನಾಲ್ಕು ಬಣ್ಣದ ಸೀಮೆಸುಣ್ಣ ಇಪ್ಪತ್ತಾರು ವರ್ಷ ಬರೆದದ್ದು ಇದರ ನೆರಳೂ ಅಲ್ಲ. ಮೇಷ್ಟ್ರು ಕನ್ನಡಕ ಒರೆಸಿಕೊಂಡು ಮತ್ತೆ ಬಗ್ಗಿದರು.

ಬಾಗಿಲಲ್ಲಿ ಹೆಜ್ಜೆ ಸಪ್ಪಳ.

"ಏನ್ ಸಾರ್ ಅಷ್ಟೊಂದು ನೋಡ್ತಿದ್ದೀರಾ? ಸ್ವಲ್ಪ ಸರೀರಿ, ನಾನೂ ನೋಡ್ತೀನಿ."

ತೋರಿಸಿದರೆ ಮಾನ ಉಳಿಯುತ್ತದೆ. ಆದರೆ ಹುಡುಗಿ ಮೂರು ಚಿಗಳಿ ತಿಂದಿದ್ದಾಳೆ, ಪ್ರಾಂಶುಪಾಲರು ಎರಡು.

ಮೇಷ್ಟ್ರು ಕಣ್ಣುಮುಚ್ಚಿ ಆ ತುಂಡನ್ನು ಬಾಯಿಗೆ ಹಾಕಿಕೊಂಡರು. ಕರುಂ ಎಂದಿತು. ನುಂಗಿದರು.

"ಅಯ್ಯೋ, ಕೊನೇದನ್ನೂ ತಿಂದ್ಬಿಟ್ರಾ?" ಸಂಘಮಿತ್ರ ನಕ್ಕಳು. "ಹೇಗಿತ್ತು ಸಾರ್?"

ನಾಲ್ಕು ದಿನಗಳಲ್ಲಿ ಮೊದಲ ಬಾರಿಗೆ ಮುನೀಂದ್ರ ಮೇಷ್ಟ್ರು ಸತ್ಯ ನುಡಿದರು.

"ನಿಜ ಹೇಳ್ಬೇಕು ಅಂದ್ರೆ ಮೇಡಂ, ಇಂಥದ್ದನ್ನ ನಾನು ಜೀವಮಾನದಲ್ಲೇ ನೋಡಿರ್ಲಿಲ್ಲ!"